‘ಕೋಲ್ಡ್’ ಮನುಷ್ಯ ಕನ್ನಡದಲ್ಲಿ ಯಾಕೆ ಒಣಗಿರುತ್ತಾನೆ?

ಒಂದು ಸಣ್ಣ ವಾಕ್ಯದಿಂದ ಶುರು ಮಾಡೋಣ. ‘ಹೀ ಈಸ್ ಕೋಲ್ಡ್.’ ಇದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಅವನಿಗೆ ಚಳಿ ಆಗ್ತಿದೆ’ ಅನ್ನಬಹುದು. ಅವನ ಕೈ ಮುಟ್ಟಿ ನೋಡಿ ಹೇಳುವುದಾದರೆ ‘ಮೈ ತಣ್ಣಗಿದೆ’ ಅನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಅವನು ಯಾರ ಜೊತೆಗೂ ಬೆರೆಯುವವನಲ್ಲ, ಪ್ರೀತಿ ವಿಶ್ವಾಸ ಕಡಿಮೆ. ಅದನ್ನು ಹೇಳಲು ‘ಅವನು ತಣ್ಣಗಿದ್ದಾನೆ’ ಅಂದರೆ ಕೇಳಿದವರು ಏನು ತಿಳಿಯುತ್ತಾರೆ? ಸದ್ಯ, ಕೋಪ ಇಳಿದಿದೆ, ಈಗ ಹೋಗಿ ಮಾತಾಡಿಸಬಹುದು ಅಂತ ತಿಳಿಯುತ್ತಾರೆ. ಪೂರ್ತಿ ಉಲ್ಟಾ ಆಯಿತು ಅಲ್ವಾ?

ಈ ಉಲ್ಟಾ ಯಾಕಾಗುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು ಇಂಗ್ಲಿಷಿನ ಕಡೆ ನೋಡೋಣ. ಅಲ್ಲಿ ಹವಾಮಾನದ ಪದಗಳನ್ನು ಮನುಷ್ಯರ ನಡವಳಿಕೆಗೆ ಎಷ್ಟು ಕ್ರಮವಾಗಿ ಬಳಸುತ್ತಾರೆ ಅಂದರೆ, ಅದನ್ನೊಂದು ಥರ್ಮಾಮೀಟರಿನ ಹಾಗೆ ಓದಬಹುದು. ಮೇಲಿನ ಗೆರೆಯಲ್ಲಿ ‘ಕೂಲ್’. ನೀವೊಂದು ಯೋಜನೆ ಮುಂದಿಡುತ್ತೀರಿ. ಎದುರಿಗಿದ್ದವರು ‘ನೋಡೋಣ’ ಅನ್ನುತ್ತಾರೆ. ಬೇಡ ಅಂದಿಲ್ಲ, ಉತ್ಸಾಹವನ್ನೂ ತೋರಿಸಿಲ್ಲ. ಅದು ಕೂಲ್. ಸ್ವಲ್ಪ ಕೆಳಗೆ ‘ಚಿಲ್ಲಿ’. ಕೋಣೆಯೊಳಗೆ ಕಾಲಿಟ್ಟ ತಕ್ಷಣ ಮಾತು ನಿಂತಿತು, ನೀವು ಬಂದದ್ದು ಅಲ್ಲಿ ಯಾರಿಗೂ ಇಷ್ಟವಿಲ್ಲ ಅಂತ ನಿಮಗೆ ಗೊತ್ತಾಯಿತು. ಅದು ಚಿಲ್ಲಿ. ಇಲ್ಲಿ ಯಾರ ಮೇಲೂ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ, ಇಡೀ ವಾತಾವರಣವೇ ಹಾಗಿರುತ್ತದೆ.

‘ಫ್ರಾಸ್ಟಿ’ ನನಗೆ ಇವೆಲ್ಲಕ್ಕಿಂತ ಇಷ್ಟವಾದ ಪದ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಗಳ ಆಡಿಕೊಂಡ ಇಬ್ಬರು ಸಹೋದ್ಯೋಗಿಗಳು ಲಿಫ್ಟಿನಲ್ಲಿ ಎದುರಾದರು ಅಂದುಕೊಳ್ಳಿ. ಒಬ್ಬರು ‘ಗುಡ್ ಮಾರ್ನಿಂಗ್’ ಅಂದರು. ಇನ್ನೊಬ್ಬರೂ ‘ಗುಡ್ ಮಾರ್ನಿಂಗ್’ ಅಂದರು. ಎಷ್ಟನೇ ಮಹಡಿ ಅಂತ ಕೇಳಿದರು, ಬಟನ್ ಒತ್ತಿದರು, ‘ಥ್ಯಾಂಕ್ಸ್’ ಕೂಡ ಆಯಿತು. ಬರೆದಿಟ್ಟು ನೋಡಿದರೆ ಒಂದು ಮಾತಿನಲ್ಲೂ ತಪ್ಪಿಲ್ಲ. ಆದರೆ ಇಬ್ಬರೂ ಬಾಗಿಲು ಯಾವಾಗ ತೆಗೆಯುತ್ತದೋ ಅಂತ ಕಾಯುತ್ತಿದ್ದಾರೆ. ಶಿಷ್ಟಾಚಾರ ಪೂರ್ತಿ ಇದೆ, ಸ್ನೇಹ ಮಾತ್ರ ಇಲ್ಲ. ನೆಲದ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ ಇಬ್ಬನಿಗೆ ಇಂಗ್ಲಿಷಿನಲ್ಲಿ ‘ಫ್ರಾಸ್ಟ್’ ಅನ್ನುತ್ತಾರೆ. ಈ ಶಿಷ್ಟಾಚಾರವೂ ಹಾಗೆ ಮೇಲ್ಮೈಯಲ್ಲೇ ಕೂತಿದೆ. ಅದಕ್ಕಿಂತ ಕೆಳಗಿನ ‘ಐಸಿ’ಯಲ್ಲಿ ಕೋಪ ಸೇರಿಕೊಳ್ಳುತ್ತದೆ, ಆದರೆ ಹಿಡಿದಿಟ್ಟುಕೊಂಡ ಕೋಪ. ಐಸಿ ನೋಟ, ಐಸಿ ಮೌನ ಅನ್ನುತ್ತಾರೆ. ಕೂಗಾಡುವವನನ್ನು ಯಾರೂ ಐಸಿ ಅನ್ನುವುದಿಲ್ಲ. ಇನ್ನು ‘ಕೋಲ್ಡ್’ ಆ ಗಳಿಗೆಯ ಮಟ್ಟಿಗಲ್ಲ, ಮನುಷ್ಯನ ಸ್ವಭಾವಕ್ಕೇ ಅಂಟುವ ಪದ. ಲಿಫ್ಟಿನವರು ನಾಳೆ ರಾಜಿಯಾಗಬಹುದು. ಕೋಲ್ಡ್ ಅನ್ನಿಸಿಕೊಂಡವನು ನಾಳೆಯೂ ಹಾಗೇ ಇರುತ್ತಾನೆ ಅಂತ ಲೆಕ್ಕ.

ಇಂಗ್ಲಿಷಿನಲ್ಲಿ ಇನ್ನೊಂದು ಗುಂಪಿದೆ. ಅಲ್ಲಿ ಚಳಿಯೂ ಜನರೂ ಒಂದೇ ಥರ ಕಚ್ಚುತ್ತಾರೆ. ‘ಬೈಟಿಂಗ್’ ಗಾಳಿ, ‘ಬೈಟಿಂಗ್’ ಮಾತು. ‘ಬಿಟರ್’ ಚಳಿ, ‘ಬಿಟರ್’ ಮನುಷ್ಯ. ಈ ಬಿಟರ್ ಕೂಡ ಮೂಲದಲ್ಲಿ ಕಚ್ಚುವುದಕ್ಕೇ ಸಂಬಂಧಪಟ್ಟ ಪದ, ಕಹಿಯ ಅರ್ಥ ಅದರಿಂದ ಬಂದದ್ದು. ನಮ್ಮಲ್ಲಿ ಚಳಿ ಕಚ್ಚುವುದಿಲ್ಲ, ಕೊರೆಯುತ್ತದೆ. ತಮಾಷೆ ಅಂದರೆ ನಮ್ಮಲ್ಲಿ ಕೊರೆಯುವ ಮನುಷ್ಯರೂ ಇದ್ದಾರೆ! ಆದರೆ ಅವರು ಸ್ನೇಹ ಕಮ್ಮಿ ಇರುವವರಲ್ಲ. ಜಾಸ್ತಿ ಇರುವವರು. ನಿಲ್ಲಿಸಿಕೊಂಡು ಮಾತಾಡುತ್ತಾರೆ, ಬಿಡುವುದೇ ಇಲ್ಲ. ಉಪನ್ಯಾಸ ಕೊಡುವವರಿಗೂ ಈ ಪದ ಅನ್ವಯಿಸುತ್ತದೆ, ಆದ್ದರಿಂದ ಮುಂದೆ ಹೋಗೋಣ.

ಈಗ ಕನ್ನಡಕ್ಕೆ ಬನ್ನಿ. ಇಂಗ್ಲಿಷಿನ ಕೋಲ್ಡ್ ಒಂದೇ ಪದ ಮಾಡುವ ಕೆಲಸವನ್ನು ನಾವು ಹಂಚಿಬಿಟ್ಟಿದ್ದೇವೆ. ಮುಟ್ಟಿದರೆ ಗೊತ್ತಾಗುವುದು ‘ತಣ್ಣಗೆ’. ನೀರು ತಣ್ಣಗಿದೆ, ನೆಲ ತಣ್ಣಗಿದೆ. ಸುತ್ತಲ ಹವೆ ಮತ್ತು ನಮ್ಮ ಮೈಗೆ ಆಗುವುದು ‘ಚಳಿ’. ನೀರು ಚಳಿಯಾಗಿದೆ ಅಂತ ಯಾರೂ ಹೇಳುವುದಿಲ್ಲ. ನನಗೆ ತಣ್ಣಗಾಗ್ತಿದೆ ಅಂತ ನಡುಗುವವರೂ ಹೇಳುವುದಿಲ್ಲ. ಹಿತವಾಗಿದ್ದರೆ ‘ತಂಪು’. ಮೂಗು ಸೋರಿದರೆ ‘ಶೀತ’, ‘ಥಂಡಿ’. ನಾಲ್ಕು ಕಡೆ ನಾಲ್ಕು ಪದ. ಇದು ನಮ್ಮೊಬ್ಬರ ವಿಶೇಷವಲ್ಲ. ಮುಟ್ಟಿದಾಗಿನ ಉಷ್ಣತೆ, ಸುತ್ತಲ ಹವೆಯ ಉಷ್ಣತೆ, ಮೈಗೆ ಅನ್ನಿಸುವ ಉಷ್ಣತೆ ಅಂತ ಭಾಷಾವಿಜ್ಞಾನಿಗಳು ಮೂರು ಬಗೆ ಗುರುತಿಸುತ್ತಾರೆ. ಒಂದೊಂದು ಭಾಷೆ ಅವನ್ನು ಒಂದೊಂದು ರೀತಿ ವಿಂಗಡಿಸಿಕೊಂಡಿದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ವ್ಯಾಕರಣದಲ್ಲಿದೆ. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಕೋಲ್ಡ್’ ಅಂದಾಗ ನಾನೇ ಕೋಲ್ಡ್. ಗುಣ ನನ್ನದು. ಕನ್ನಡದಲ್ಲಿ ‘ನನಗೆ ಚಳಿ’. ಚಳಿ ಬೇರೆ, ನಾನು ಬೇರೆ. ಅದು ಬರುತ್ತದೆ, ಹಿಡಿಯುತ್ತದೆ, ಆಮೇಲೆ ಬಿಟ್ಟು ಹೋಗುತ್ತದೆ. ‘ಅವನು ಚಳಿ’ ಅಂತ ವಾಕ್ಯ ಕಟ್ಟಲು ಆಗುವುದೇ ಇಲ್ಲ. ಮನುಷ್ಯನನ್ನು ಚಳಿಯ ಪದದಲ್ಲಿ ಬಯ್ಯಲು ದಾರಿ ಎಲ್ಲಿದೆ ಹೇಳಿ?

ಹಿಂದೆ ಕೂತಿರುವವರೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಸರಿ, ಆಕ್ಷೇಪ ನನಗೂ ಗೊತ್ತು. ಜರ್ಮನ್ ಭಾಷೆಯಲ್ಲೂ ಚಳಿ ಆದಾಗ ‘ಮಿರ್ ಇಸ್ಟ್ ಕಾಲ್ಟ್’ ಅನ್ನುತ್ತಾರೆ, ಅಂದರೆ ‘ನನಗೆ ಚಳಿ’. ‘ಇಶ್ ಬಿನ್ ಕಾಲ್ಟ್’, ‘ನಾನು ಕಾಲ್ಟ್’ ಅಂದರೆ ಜನ ನಗುತ್ತಾರೆ. ಅದು ನಾನು ಭಾವನೆಯೇ ಇಲ್ಲದವನು ಅಂತ ಹೇಳಿಕೊಂಡ ಹಾಗೆ. ಅಲ್ಲಿ ನಮ್ಮ ಥರದ ವ್ಯಾಕರಣವೂ ಇದೆ, ಕೋಲ್ಡ್ ಮನುಷ್ಯನೂ ಇದ್ದಾನೆ. ಹಾಗಾಗಿ ವ್ಯಾಕರಣ ಒಂದರಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಅದು ಒಂದು ಬಾಗಿಲು ಮುಚ್ಚಿದೆ ಅನ್ನುವುದು ನಿಜ.

ಹಾಗಾದರೆ ನಮ್ಮಲ್ಲಿ ಚಳಿ ಮನುಷ್ಯನ ನಡವಳಿಕೆಗೆ ಬರುವುದೇ ಇಲ್ಲವಾ? ಬರುತ್ತದೆ. ‘ಮೈಚಳಿ ಬಿಟ್ಟು ನಟಿಸಿದ್ದಾರೆ’ ಅನ್ನುತ್ತೇವೆ. ಅಲ್ಲಿ ಚಳಿ ಅಂದರೆ ಸಂಕೋಚ. ‘ಮೈಚಳಿ ಬಿಟ್ಟು ದುಡಿ’ ಅಂದರೆ ಸೋಮಾರಿತನ ಬಿಡು. ‘ಇರು, ಬಂದು ಚಳಿ ಬಿಡಿಸ್ತೀನಿ’ ಅಂದರೆ ಬೈಗುಳವೋ ಏಟೋ ಕಾದಿದೆ ಅಂತ. ಸಂಕೋಚ, ಸೋಮಾರಿತನ, ಭಯ, ಇವೆಲ್ಲ ಚಳಿಯಲ್ಲಿ ಮುದುರಿಕೊಂಡ ಮೈಯಿಂದ ಹುಟ್ಟಿದ ಅರ್ಥಗಳು. ಮುದುರಿದವನ ಮೇಲೆ ನಮಗೆ ಸಿಟ್ಟಿಲ್ಲ. ಸ್ವಲ್ಪ ಗದರಿಸಿ ಬಿಡಿಸಬೇಕು ಅಷ್ಟೆ. ಸಂಸ್ಕೃತದ ‘ಜಡ’ ಕೂಡ ಇದೇ ದಾರಿ ಹಿಡಿದಿದೆ. ಅದರ ಅರ್ಥಗಳಲ್ಲಿ ತಣ್ಣಗಿರುವುದು, ಮರಗಟ್ಟಿರುವುದು ಸೇರಿವೆ. ಅಲ್ಲಿಂದ ಅದು ಚಲನೆ ಇಲ್ಲದ್ದು, ಬುದ್ಧಿ ಓಡದ್ದು ಅನ್ನುವ ಕಡೆ ಹೋಯಿತು. ಸ್ನೇಹ ಇಲ್ಲದ್ದು ಅನ್ನುವ ಕಡೆ ಹೋಗಲಿಲ್ಲ.

‘ತಣ್ಣಗೆ’ ಮತ್ತು ‘ತಂಪು’ ವಿಷಯಕ್ಕೆ ಬಂದರೆ ಅವು ಆಶೀರ್ವಾದದ ಪದಗಳೇ. ಹೊಟ್ಟೆ ತಣ್ಣಗಿರಲಿ. ಕಣ್ಣು ತಂಪಾಯಿತು. ಮನ ತಣಿಯಿತು. ಬಯಸಿದ್ದು ಸಿಕ್ಕಿ ತೃಪ್ತಿಯಾಯಿತು ಅನ್ನುವುದಕ್ಕೇ ನಮ್ಮಲ್ಲಿ ತಣಿಯುವುದು ಅನ್ನುತ್ತಾರೆ. ಅದಕ್ಕೆದುರಾಗಿ ಬಿಸಿ ಇರುವ ಕಡೆ ಬರೀ ತಾಪತ್ರಯ. ತಲೆಬಿಸಿ, ಹೊಟ್ಟೆ ಉರಿ, ಉರಿದು ಬೀಳುವುದು, ಬಿಸಿ ಮುಟ್ಟಿಸುವುದು. ಬೆಚ್ಚಗಿನ ಹೊದಿಕೆ ನಮಗೂ ಬೇಕು, ಆದರೆ ‘ಅವರು ತುಂಬಾ ಬೆಚ್ಚಗಿನ ವ್ಯಕ್ತಿ’ ಅಂದರೆ ಜ್ವರ ಬಂದಿದೆಯಾ ಅಂತ ಕೇಳಬೇಕಾಗುತ್ತದೆ. ಅದಕ್ಕೇ ಇಂಗ್ಲಿಷಿನ ‘ವಾರ್ಮ್ ವೆಲ್ಕಮ್’ ನಮ್ಮಲ್ಲಿ ಆತ್ಮೀಯ ಸ್ವಾಗತ, ಹಾರ್ದಿಕ ಸ್ವಾಗತ ಆಯಿತು. ಒಂದು ಆತ್ಮದ್ದು, ಇನ್ನೊಂದು ಹೃದಯದ್ದು. ಎರಡರಲ್ಲೂ ಉಷ್ಣತೆಯ ಸುದ್ದಿ ಇಲ್ಲ.

ಇಲ್ಲಿ ಎಲ್ಲರೂ ಥಟ್ಟನೆ ಹೇಳುವ ಉತ್ತರ ಒಂದಿದೆ. ಅದು ಚಳಿ ದೇಶ, ಇದು ಸೆಕೆ ದೇಶ. ಅವರಿಗೆ ಬೆಂಕಿ ಹಿತ, ನಮಗೆ ನೆರಳು ಹಿತ. ಇದರಲ್ಲಿ ಹುರುಳಿದೆ. ಅರಬ್ಬಿಯಲ್ಲಿ ತುಂಬಾ ಪ್ರೀತಿಯ ಮಗುವನ್ನು ‘ಕುರ್ರತ್ ಐನ್’ ಅನ್ನುತ್ತಾರೆ, ಕಣ್ಣಿನ ತಂಪು. ನಮ್ಮ ಕಣ್ಣು ತಂಪಾಯಿತು ಅನ್ನುವುದಕ್ಕೆ ಎಷ್ಟು ಹತ್ತಿರ ನೋಡಿ! ಸಂತೋಷದ ಸುದ್ದಿ ಕೇಳಿದರೆ ‘ನನ್ನ ಎದೆಗೆ ಹಿಮ ಇಟ್ಟ ಹಾಗಾಯಿತು’ ಅನ್ನುವ ಮಾತೂ ಅಲ್ಲಿದೆ. ಇಂಗ್ಲಿಷಿನವನ ಎದೆಗೆ ಹಿಮ ಇಟ್ಟರೆ ಅವನು ಭಯದಿಂದ ಸಾಯುತ್ತಾನೆ. ಆದರೆ ಅದೇ ಅರಬ್ಬಿಯಲ್ಲಿ ‘ಬಾರಿದ್’ ಅನ್ನುವ ತಣ್ಣನೆಯ ಪದವನ್ನು ಲವಲವಿಕೆ ಇಲ್ಲದ, ಯಾವುದಕ್ಕೂ ಸ್ಪಂದಿಸದ ಮನುಷ್ಯನಿಗೂ ಬಳಸುತ್ತಾರೆ. ಮರುಭೂಮಿಯ ಭಾಷೆಗೆ ಎರಡೂ ಸಾಧ್ಯವಾಯಿತು. ಹಾಗಾಗಿ ಹವಾಮಾನದ ಉತ್ತರ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.

ಇನ್ನೊಂದು ಉತ್ತರ ಮನಶ್ಶಾಸ್ತ್ರದವರದು. 1946ರಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬ ವ್ಯಕ್ತಿಯ ಏಳು ಗುಣಗಳನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿದರು. ಬುದ್ಧಿವಂತ, ಕುಶಲಿ, ಶ್ರಮಜೀವಿ ಇತ್ಯಾದಿ. ಎರಡು ಗುಂಪಿಗೂ ಅದೇ ಪಟ್ಟಿ. ನಡುವಿನ ಒಂದು ಪದ ಮಾತ್ರ ಬೇರೆ, ಒಂದು ಗುಂಪಿಗೆ ‘ವಾರ್ಮ್’, ಇನ್ನೊಂದಕ್ಕೆ ‘ಕೋಲ್ಡ್’. ಅಷ್ಟಕ್ಕೇ ಚಿತ್ರ ಬದಲಾಯಿತು. ವಾರ್ಮ್ ಕೇಳಿದವರಿಗೆ ಆತ ಉದಾರಿ, ಒಳ್ಳೆಯ ಸ್ವಭಾವದವನು. ಕೋಲ್ಡ್ ಕೇಳಿದವರಿಗೆ ಅವನೇ ಲೆಕ್ಕಾಚಾರದ ಮನುಷ್ಯ. ಪ್ರಾಮಾಣಿಕತೆ, ನಂಬಿಕಸ್ಥತನದ ಬಗ್ಗೆ ಮಾತ್ರ ಎರಡೂ ಗುಂಪಿನ ಅಭಿಪ್ರಾಯ ಹೆಚ್ಚುಕಮ್ಮಿ ಒಂದೇ. ಕೋಲ್ಡ್ ಅಂದರೆ ಮೋಸಗಾರ ಅಂತಲ್ಲ, ನೋಡಿ. ಅದೇ ಜಾಗದಲ್ಲಿ ‘ಸಭ್ಯ’, ‘ಒರಟ’ ಅಂತ ಬದಲಿಸಿದಾಗ ಇಷ್ಟು ದೊಡ್ಡ ವ್ಯತ್ಯಾಸ ಆಗಲಿಲ್ಲ.

ಆಮೇಲೆ 1950ರ ದಶಕದಲ್ಲಿ ಆಶ್ ಬೇರೆ ಬೇರೆ ಭಾಷೆಗಳಲ್ಲಿ ಇಂಥ ಪದಗಳನ್ನು ಹುಡುಕಿಸಿದರು. ಹಳೆಯ ಹೀಬ್ರೂ, ಹಳೆಯ ಗ್ರೀಕ್, ಚೀನೀ, ಥಾಯ್ ಜೊತೆಗೆ ನಮ್ಮ ಪಕ್ಕದ ಮಲಯಾಳಂ ಕೂಡ ಆ ಪಟ್ಟಿಯಲ್ಲಿತ್ತು. ಮೈಗೆ ತಿಳಿಯುವ ಪದಗಳನ್ನು ಮನಸ್ಸಿಗೆ ಬಳಸುವುದು ಎಲ್ಲ ಕಡೆ ಸಿಕ್ಕಿತು. ಆದರೆ ಬಿಸಿ ಅಂದರೆ ಹೀಬ್ರೂವಿನಲ್ಲಿ ಕೋಪ, ಚೀನೀಯಲ್ಲಿ ಉತ್ಸಾಹ. ಯಾವ ಪದ ಯಾವ ಗುಣಕ್ಕೆ ಅನ್ನುವುದನ್ನು ಆಯಾ ಭಾಷೆಯೇ ಆರಿಸಿಕೊಂಡಿದೆ.

ಸ್ನೇಹ ಇಲ್ಲದ ಕಡೆ ಮೈಗೇ ಚಳಿ ಆಗುತ್ತದೆ ಅಂತಲೂ ಕೆಲವರು ತೋರಿಸಲು ಹೊರಟರು. 2008ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಹಿಂದೆ ಯಾರೋ ತಮ್ಮನ್ನು ದೂರ ಇಟ್ಟಿದ್ದನ್ನು ನೆನೆಸಿಕೊಂಡವರು ಕೋಣೆಯ ಉಷ್ಣಾಂಶವನ್ನು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ಪ್ರಯೋಗ ತುಂಬಾ ಹೆಸರು ಮಾಡಿತು. ಲಿಫ್ಟಿನಲ್ಲಿ ಹೋಗುವಾಗ ‘ಸ್ವಲ್ಪ ಇದನ್ನು ಹಿಡ್ಕೊಳ್ತೀರಾ’ ಅಂತ ಕಾಫಿ ಲೋಟ ಕೈಗೆ ಕೊಡುವುದು, ಕೆಲವರಿಗೆ ಬಿಸಿ, ಕೆಲವರಿಗೆ ಐಸ್ ಹಾಕಿದ್ದು. ಬಿಸಿ ಲೋಟ ಹಿಡಿದವರು ಆಮೇಲೆ ಅಪರಿಚಿತ ವ್ಯಕ್ತಿಯೊಬ್ಬನನ್ನು ಹೆಚ್ಚು ಸ್ನೇಹಪರ ಅಂತ ಅಂದಾಜಿಸಿದರಂತೆ. ಕೇಳಲು ಚೆನ್ನಾಗಿದೆ. ಆದರೆ 2019ರಲ್ಲಿ ಬೇರೆಯವರು ಹೆಚ್ಚು ಜನರನ್ನಿಟ್ಟುಕೊಂಡು ಇದನ್ನೇ ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಿಸಲಿಲ್ಲ. ಹಾಗಾಗಿ ಕಾಫಿ ಲೋಟದ ಕಥೆಯನ್ನು ಎಲ್ಲಾದರೂ ಕೇಳಿದರೆ ಸ್ವಲ್ಪ ಆರಿಸಿಕೊಂಡು ಕುಡಿಯಿರಿ.

ಸರಿ. ಚಳಿ ಬೇಡ ಅಂದ ಕನ್ನಡ ಏನನ್ನು ಇಟ್ಟುಕೊಂಡಿತು? ಎರಡು ಸಂಗತಿ. ಒಂದು ಬಿಗಿ, ಇನ್ನೊಂದು ಒಣ.

ಬಿಗಿ ಇರುವುದು ಮುಖದಲ್ಲಿ. ಮುಖ ಬಿಗಿದುಕೊಂಡ, ಮುಖ ಗಂಟಿಕ್ಕಿದ, ಬಿಗುಮಾನದವನು, ಸೆಟೆದುಕೊಂಡು ಹೋದ. ಮುಖ ಕೊಟ್ಟು ಮಾತಾಡಲಿಲ್ಲ ಅನ್ನುವ ಮಾತಂತೂ ನನಗೆ ಅದ್ಭುತ ಅನ್ನಿಸುತ್ತದೆ. ಮಾತಾಡಿದ್ದು ಹೌದು, ಮುಖ ಮಾತ್ರ ಕೊಡಲಿಲ್ಲ. ಲಿಫ್ಟಿನ ಆ ಇಬ್ಬರ ‘ಫ್ರಾಸ್ಟಿ’ ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕಾ? ಅವರ ಸಂಬಂಧ ಹೇಗಿದೆ ಅಂತ ಕೇಳಿದರೆ ‘ಅಷ್ಟಕ್ಕಷ್ಟೆ’ ಅಂದರೆ ಮುಗಿಯಿತು. ಇಂಗ್ಲಿಷಿನ ಕೂಲ್, ಚಿಲ್ಲಿ, ಫ್ರಾಸ್ಟಿ ಮೂರನ್ನೂ ಆ ಒಂದು ಪದದಲ್ಲಿ ಸುತ್ತಿಡಬಹುದು.

‘ಕೋಲ್ಡ್ ಶೋಲ್ಡರ್’ ಕೂಡ ಇಲ್ಲೇ ಬರಬೇಕು. ಅದರ ಬಗ್ಗೆ ಒಂದು ಕಥೆ ಓಡಾಡುತ್ತದೆ, ಬೇಡವಾದ ಅತಿಥಿಗೆ ಕುರಿಯ ಭುಜದ ಆರಿದ ಮಾಂಸ ಬಡಿಸುತ್ತಿದ್ದರು, ಅದರಿಂದ ಆ ಮಾತು ಹುಟ್ಟಿತು ಅಂತ. ಸುಮ್ನೆ ಕಟ್ಟಿದ ಕಥೆ ಅದು. ಆ ನುಡಿಗಟ್ಟು ಮೊದಲು ಸಿಗುವುದು ವಾಲ್ಟರ್ ಸ್ಕಾಟ್ ಅವರ 1816ರ ಒಂದು ಕಾದಂಬರಿಯಲ್ಲಿ, ಸ್ಕಾಟ್ಲೆಂಡಿನ ಆಡುಮಾತಿನಲ್ಲಿ. ಅಲ್ಲಿ ಭುಜ ‘ತೋರಿಸಿದಳು’ ಅಂತಿದೆ, ಬಡಿಸಿದಳು ಅಂತಿಲ್ಲ. ಎದುರಿಗೆ ಬಂದವರಿಗೆ ಮುಖದ ಬದಲು ಹೆಗಲು ತಿರುಗಿಸುವುದು, ಅಷ್ಟೆ. ನಾವು ಮುಖ ತಿರುಗಿಸಿಕೊಂಡು ಹೋದ ಅನ್ನುತ್ತೇವೆ. ಮೈಯ ಚಲನೆ ಎರಡು ಕಡೆಯೂ ಒಂದೇ, ಅವರು ಅದಕ್ಕೆ ಚಳಿ ಸೇರಿಸಿದರು.

ಒಣದ್ದು ಇನ್ನೂ ಆಳಕ್ಕೆ ಹೋಗುತ್ತದೆ. ಒಣ ಮಾತು, ಒಣ ಉಪಚಾರ, ಒಣ ಜಂಬ. ಸಭೆಗೆ ಜನ ಬರಲಿಲ್ಲ, ಬಂದವರು ಚಪ್ಪಾಳೆ ತಟ್ಟಲಿಲ್ಲ ಅಂದರೆ ಪತ್ರಿಕೆಯವರು ‘ನೀರಸ ಪ್ರತಿಕ್ರಿಯೆ’ ಅಂತ ಬರೆಯುತ್ತಾರೆ. ನೀರಸ ಅಂದರೆ ರಸ ಇಲ್ಲದ್ದು. ಅಂಥದ್ದಕ್ಕೇ ಇಂಗ್ಲಿಷ್ ಪತ್ರಿಕೆ ಕೂಲ್ ಅನ್ನುತ್ತದೆ. ಈಗ ‘ಸ್ನೇಹ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದಕ್ಕೆ ಎಣ್ಣೆ, ಜಿಡ್ಡು ಅನ್ನುವ ಅರ್ಥವೂ ಇದೆ. ಆಯುರ್ವೇದದಲ್ಲಿ ಮೈಗೆ ತೈಲ ಹಚ್ಚುವ, ತುಪ್ಪ ಕುಡಿಸುವ ಚಿಕಿತ್ಸೆಗೆ ‘ಸ್ನೇಹನ’ ಅನ್ನುತ್ತಾರೆ. ಅಲ್ಲಿ ‘ಸ್ನಿಗ್ಧ’ಕ್ಕೆ, ಅಂದರೆ ಜಿಡ್ಡಿರುವುದಕ್ಕೆ, ಎದುರು ಪದ ‘ರೂಕ್ಷ’, ಅಂದರೆ ಒಣಗಿ ಒರಟಾದದ್ದು. ನಾವು ಕನ್ನಡದಲ್ಲಿ ‘ರೂಕ್ಷವಾಗಿ ನಡೆದುಕೊಂಡ’ ಅನ್ನುವಾಗ ಅದೇ ಜೋಡಿಯ ಇನ್ನೊಂದು ತುದಿ ಹಿಡಿದಿರುತ್ತೇವೆ. ಇಂಗ್ಲಿಷಿನ ಅಳತೆ ಬಿಸಿಯಿಂದ ತಣ್ಣಗಿನ ಕಡೆಗೆ. ನಮ್ಮದು ಪಸೆಯಿಂದ ಒಣಗಿದ ಕಡೆಗೆ. ಎರಡು ಅಳತೆಕೋಲು ಬೇರೆ ಅಂತ ತಿಳಿದರೆ ಅನುವಾದ ಮಾಡುವವರಿಗೆ ಅರ್ಧ ಕೆಲಸ ಹಗುರ.

ಹಾಗಂತ ಗೋಡೆ ಕಟ್ಟಿಕೊಂಡು ಕೂರಲು ಆಗುವುದಿಲ್ಲ. ‘ಶೀತಲ ಸಮರ’ ನೋಡಿ. ಜಾರ್ಜ್ ಆರ್ವೆಲ್ 1945ರಲ್ಲಿ ಅಣುಬಾಂಬಿನ ಬಗ್ಗೆ ಬರೆದ ಲೇಖನದಲ್ಲಿ ‘ಕೋಲ್ಡ್ ವಾರ್’ ಅನ್ನುವ ಮಾತು ಬಳಸಿದ್ದರು. 1947ರ ಹೊತ್ತಿಗೆ ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಸ್ಥಿತಿಗೆ ಹೆಸರಾಯಿತು. ಅಲ್ಲಿ ಕೋಲ್ಡ್ ಅಂದರೆ ಬಂದೂಕು ಹಾರದ ಯುದ್ಧ. ನಾವದನ್ನು ಪದಕ್ಕೆ ಪದ ತಂದುಕೊಂಡೆವು. ಈಗ ಒಂದೇ ಪಕ್ಷದ ಇಬ್ಬರು ನಾಯಕರು, ಒಂದೇ ಮನೆಯ ಅತ್ತೆ ಸೊಸೆ, ಎಲ್ಲರ ನಡುವೆಯೂ ಶೀತಲ ಸಮರ! ನಮ್ಮಲ್ಲಿ ಮೊದಲೇ ‘ಮುಸುಕಿನ ಗುದ್ದಾಟ’ ಇತ್ತು. ಎರಡೂ ಉಳಿದುಕೊಂಡವು, ಯಾಕೆಂದರೆ ಎರಡರ ಕೆಲಸ ಸ್ವಲ್ಪ ಬೇರೆ. ಗುದ್ದಾಟದಲ್ಲಿ ಹೊದಿಕೆಯೊಳಗೇ ಏಟು ಬೀಳುತ್ತಿರುತ್ತದೆ. ಶೀತಲ ಸಮರದಲ್ಲಿ ಏಟಿಲ್ಲ, ಮಾತು ಬಿಟ್ಟಿರುತ್ತಾರೆ.

‘ಕೂಲ್’ ಕಥೆ ಇದಕ್ಕಿಂತ ಸಲೀಸು. ಇಂಗ್ಲಿಷಿನಲ್ಲಿ ಉತ್ಸಾಹ ಇಲ್ಲದ್ದಕ್ಕೂ ಕೂಲ್, ಮೆಚ್ಚುಗೆಗೂ ಕೂಲ್. ಮೆಚ್ಚುಗೆಯ ಕೂಲ್ ಹರಡಿದ್ದು ಕಳೆದ ಶತಮಾನದಲ್ಲಿ, ಅಮೆರಿಕದ ಜಾಝ್ ಸಂಗೀತಗಾರರ ಬಳಗದಿಂದ. ನಮ್ಮ ಹುಡುಗರು ಈ ಎರಡನೆಯದನ್ನು ಮಾತ್ರ ಎತ್ತಿಕೊಂಡರು. ‘ಕೂಲ್ ಆಗಿರಪ್ಪ’ ಅಂತಾರೆ. ಅದು ‘ತಣ್ಣಗಿರಪ್ಪ’ ಅನ್ನುವುದರ ಪಕ್ಕದಲ್ಲೇ ಹೋಗಿ ಕೂತಿತು. ಬೈಗುಳದ ಕೂಲ್ ಇವತ್ತಿಗೂ ಕನ್ನಡದೊಳಗೆ ಬಂದಿಲ್ಲ.

ಕೊನೆಗೆ ‘ಐಸಿ’ ಉಳಿಯಿತು. ಅನುವಾದದ ಅಭ್ಯಾಸಕ್ಕೆ ಕೊಟ್ಟರೆ ಇದೊಂದು ಪದದಲ್ಲಿ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ‘ಹಿಮದಂಥ ನೋಟ’ ಅಂತ ಬರೆದರೆ ಓದುವವರಿಗೆ ಬೆಳ್ಳಗೆ, ತಂಪಾಗಿ, ಚಂದ ಕಾಣುತ್ತದೆ. ‘ದುರುಗುಟ್ಟಿ ನೋಡಿದಳು’ ಅಂದರೆ ಕೋಪ ಹೊರಗೆ ಬಂದುಬಿಟ್ಟಿತು, ಐಸಿಯಲ್ಲಿ ಅದು ಒಳಗಿರಬೇಕು. ಇಲ್ಲಿ ಮಾತ್ರ ‘ತಣ್ಣನೆಯ’ ಪದಕ್ಕೆ ಕೆಲಸ ಇದೆ ಅಂತ ನನ್ನ ಅಭಿಪ್ರಾಯ. ‘ತಣ್ಣನೆಯ ದನಿಯಲ್ಲಿ ಹೇಳಿದಳು’ ಅಂದರೆ ಕನ್ನಡದವರಿಗೆ ಒಮ್ಮೆಗೇ ಗೊತ್ತಾಗುತ್ತದೆ. ‘ತಣ್ಣನೆಯ ಕ್ರೌರ್ಯ’ ಅಂತಲೂ ಈಗ ಬರೆಯುತ್ತಾರೆ, ಅದೂ ಹೊರಗಿನದು ಅನ್ನಿಸುವುದಿಲ್ಲ. ತಣ್ಣಗಿದ್ದುಕೊಂಡೇ ಕುತ್ತಿಗೆ ಕೊಯ್ದ ಅನ್ನುವ ಮಾತು ನಮ್ಮಲ್ಲಿ ಮೊದಲೇ ಇದೆಯಲ್ಲ. ಅಲ್ಲೂ ತಣ್ಣಗೆ ಅಂದರೆ ಸಮಾಧಾನವೇ. ಆ ಹೊತ್ತಿನಲ್ಲಿ ಅಷ್ಟು ಸಮಾಧಾನವಾಗಿ ಇರಬಾರದಿತ್ತು, ಇದ್ದಾನೆ. ನಾವು ಬೆಚ್ಚಿ ಬೀಳುವುದು ಅದಕ್ಕೆ.